ಅಲ್ಲಾಡದ ವ್ಯಾಗನ್

“ನಾನು ಕೂರಿಸಿದ ಬುಷ್ಷು ಭೂಕಂಪ ಬಂದ್ರೂ ಅಲ್ಲಾಡಲ್ಲ ಕಣ್ರೀ. ಬೇಕಾದ್ರೆ ಭೂಮಿನೇ ಪಕ್ಕಕ್ಕೆ ಸರ್ಕೊಂಡು ಹೋಗ್ಬೇಕು!”

ಮಾಕಳಿಯ ಶ್ಯಾಮಣ್ಣ ಈ ಮಾತನ್ನು ದಿನಕ್ಕೆ ಇಪ್ಪತ್ತು ಸಲವಾದರೂ ಹೇಳುತ್ತಿದ್ದರು. ಕೇಳಲು ಯಾರೂ ಸಿಗದ ದಿನ ಹಾಲಿನವನನ್ನು ಒಳಗೆ ಬಿಟ್ಟುಕೊಂಡು, ಗೇಟಿಗೆ ಚಿಲಕ ಹಾಕಿ ಹೇಳುತ್ತಿದ್ದರು. ಪೀಣ್ಯದ ಟೂಲ್‌ರೂಮಿನಲ್ಲಿ ಮೂವತ್ತೆಂಟು ವರ್ಷ ಫಿಟ್ಟರ್ ಆಗಿದ್ದವರು. ಒಮ್ಮೆ ಸೊಳ್ಳೆಯೊಂದರ ಮೀಸೆಯನ್ನು ಮೈಕ್ರೋಮೀಟರಿನಲ್ಲಿ ಹಿಡಿದು, ಎಡದ್ದು ಬಲದ್ದಕ್ಕಿಂತ ದಪ್ಪವೆಂದು ರಿಜೆಕ್ಟ್ ಮಾಡಿದ್ದರಂತೆ. ಆ ಸುದ್ದಿ ಹಬ್ಬಿಸಿದವರೂ ಅವರೇ.

ನಿವೃತ್ತಿಯಾದ ಮೇಲೆ ಆ ಕೈಗೆ ಸಿಕ್ಕಿದ್ದು ಆಟದ ಗೂಡ್ಸ್ ರೈಲು. ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುವ ತುಂಡುಗಳನ್ನು ಅಂಟಿಸಿ, ಬಣ್ಣ ಬಳಿದು, ಅಂಗೈಯುದ್ದದ ಕಲ್ಲಿದ್ದಲು ವ್ಯಾಗನ್ ಮಾಡುವ ಹುಚ್ಚು. ವೈಟ್‌ಫೀಲ್ಡಿನಲ್ಲಿ ಇದೇ ಹುಚ್ಚಿನ ಸಾಫ್ಟ್‌ವೇರ್ ಮಂದಿಯ ಸಂಘವೊಂದಿತ್ತು. ಭಾನುವಾರದ ಪ್ರದರ್ಶನದಲ್ಲಿ ಓಡುವ ನಲವತ್ತು ವ್ಯಾಗನ್ನುಗಳ ರೈಲಿಗೆ ಶ್ಯಾಮಣ್ಣನವರದೂ ಒಂದು ಸೇರಬಹುದು, ಆದರೆ ಬೆಳಗಿನ ಟ್ರಯಲ್‌ನಲ್ಲಿ ಹಳಿ ತಪ್ಪಿದ್ದು ಮೇಜಿನ ಮೇಲೇ ಉಳಿಯಬೇಕು ಎಂದು ಸಂಘದ ಅಂಜನ್ ಹೇಳಿದ್ದ. ಶ್ಯಾಮಣ್ಣ ಆಗಲೇ ಇಡೀ ಮಾಕಳಿಗೆ ಡಂಗುರ ಸಾರಿಬಿಟ್ಟರು.

ಪೆಟ್ಟಿಗೆ ಬಿಚ್ಚಿ ನೋಡಿದರು. ಚಕ್ರಗಳಿರುವ ಎರಡು ಚೌಕಟ್ಟುಗಳನ್ನು ವ್ಯಾಗನ್ನಿನ ತಳಕ್ಕೆ ಸಿಕ್ಕಿಸುವ ತೂತು, ಸ್ಕ್ರೂಗಿಂತ ದೊಡ್ಡದು! ಚೌಕಟ್ಟು ಹಾಲುಹಲ್ಲಿನ ಹಾಗೆ ಅಲ್ಲಾಡುತ್ತಿತ್ತು.

“ಥೂ, ಇದನ್ನ ಪಾಸ್ ಮಾಡಿದ ಇನ್‌ಸ್ಪೆಕ್ಟರ್ ಯಾವೋನು!”

ಗೆಳೆಯನ ಲೇತಿನಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಹಿತ್ತಾಳೆ ಬಳೆಯಂಥ ಬುಷ್ ಎರಡನ್ನು ಕಡೆದು, ತೂತಿನೊಳಗೆ ಬಿಗಿಯಾಗಿ ಕೂರಿಸಿದರು. ಈಗ ಚೌಕಟ್ಟು ತಿರುಗುತ್ತಿತ್ತು, ಆದರೆ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ.

“ಅಡುಗೆಮನೆ ಬಾಗ್ಲು ಮೂರ್ ವರ್ಸದಿಂದ ಕಿರುಚ್ತಾ ಐತೆ. ಅದ್ಕೂ ಇಂಗೇ ಏನಾರ ಮಾಡ್ಬಾರ್ದಾ?” ಎಂದರು ಹೆಂಡತಿ ಸಿದ್ದಮ್ಮ.

“ಬಾಗ್ಲಿಗೆ ಅಳತೆ ಬರೆದ ಡ್ರಾಯಿಂಗ್ ಇಲ್ಲ ಕಣೇ.”

ಭಾನುವಾರ ಟ್ರಯಲ್ ಶುರುವಾಯಿತು. ಪ್ಲೈವುಡ್ ಮೇಲಿನ ಹಳಿ ತಿರುವಿನಲ್ಲಿ ತುಸು ತಗ್ಗಿತ್ತು. ಮಿಕ್ಕ ವ್ಯಾಗನ್ನುಗಳೆಲ್ಲ ಸೊಂಟ ಕುಲುಕಿಸಿ ದಾಟಿದವು. ಶ್ಯಾಮಣ್ಣನವರದು ಮಾತ್ರ ಬಗ್ಗಲಿಲ್ಲ. ಕಂಬ ಕಂಡ ನಾಯಿಯಂತೆ ಒಂದು ಕಾಲೆತ್ತಿ, ಹಿಂದಿನ ಇಪ್ಪತ್ತಾರನ್ನೂ ಎಳೆದುಕೊಂಡು ಮಗುಚಿತು.

“ಅಂಕಲ್, ಆ ಸಡಿಲ ಬೇಕಂತ್ಲೇ ಬಿಟ್ಟಿರ್ತಾರೆ. ಹಳಿ ಏರುಪೇರಾದಾಗ ಚಕ್ರ ಅಲ್ಲಾಡ್ಕೊಂಡು ಕೂತ್ಕೋಬೇಕು,” ಎಂದ ಅಂಜನ್. “ಅರ್ಧ ಗಂಟೇಲಿ ಶೋ ಇದೆ. ನಿಮ್ದು ಮೇಜಿನ ಮೇಲಿರ್ಲಿ ಬಿಡಿ.”

“ಭೂಮಿ ಪಕ್ಕಕ್ಕೆ ಸರ್ಕಳ್ಳಿಲ್ವಾ?” ಎಂದು ಜೊತೆಗೆ ಬಂದಿದ್ದ ಸಿದ್ದಮ್ಮ ಗಾಯಕ್ಕೆ ಉಪ್ಪು ಸವರಿದರು.

ಬುಷ್ ಕಿತ್ತುಹಾಕೋಣವೆಂದರೆ ಅದು ಬರುವುದೇ? ಕೂರಿಸಿದವರು ಯಾರು! ಉಳಿದಿದ್ದು ಒಂದೇ ದಾರಿ: ರೀಮರ್ ಹಾಕಿ ತಾವೇ ಮಾಡಿದ ತೂತನ್ನು ತಾವೇ ದೊಡ್ಡದು ಮಾಡುವುದು. ಮೂವತ್ತೆಂಟು ವರ್ಷದಲ್ಲಿ ಇಂಥ ಪಾಪಕ್ಕೆ ಕೈ ಹಾಕಿದವರಲ್ಲ. ಪ್ರದರ್ಶನಕ್ಕೆ ಬಂದವರಿಗೆ ಬೆನ್ನು ತಿರುಗಿಸಿ, ಸಿದ್ದಮ್ಮನ ಸೆರಗಿನ ಮರೆಯಲ್ಲಿ ಕೂತು, ಒಂದೊಂದು ಸುತ್ತಿಗೂ ನರಳುತ್ತ ತಿರುವಿದರು. ಪ್ರತಿ ಸುತ್ತಿಗೂ ಅಳತೆ ನೋಡಿದರು.

ಅಂಜನ್‌ನನ್ನು ಕಾಡಿಬೇಡಿ ವ್ಯಾಗನ್ನನ್ನು ಮತ್ತೆ ಸಾಲಿಗೆ ಸೇರಿಸಿದರು. ರೈಲು ಹೊರಟಿತು. ತಗ್ಗು ಬಂತು. ಶ್ಯಾಮಣ್ಣನವರ ವ್ಯಾಗನ್ ಹೊಸ ಮದುಮಗಳ ಹಾಗೆ ನಾಜೂಕಾಗಿ ಬಳುಕಿ ದಾಟಿತು. ಒಂದಲ್ಲ, ಹನ್ನೊಂದು ಸುತ್ತು.

“ಏನಂಕಲ್, ಕೊನೆಗೂ ಲೂಸ್ ಕೆಲ್ಸ ಮಾಡೋದು ಕಲ್ತ್ರಲ್ಲಾ!” ಎಂದು ಅಂಜನ್ ನಕ್ಕ.

ಶ್ಯಾಮಣ್ಣ ಮೈಕ್ರೋಮೀಟರನ್ನು ಜೇಬಿಗಿಳಿಸಿದರು.

“ಎರಡೂ ಕಡೆ ಸಡಿಲ ಮುನ್ನೂರು ಮೈಕ್ರಾನ್ ಕಣೋ ಮಗಾ, ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಇಷ್ಟು ಕರೆಕ್ಟಾಗಿ ಲೂಸ್ ಮಾಡೋನು ಪೀಣ್ಯದಲ್ಲಿ ಇನ್ನೊಬ್ಬ ಇದ್ರೆ ಕರ್ಕೊಂಡ್ ಬಾ, ನೋಡೋಣ!”