ದೀಪ ದೊಡ್ಡದು ಮಾಡಿದ ಗಾಜು

ದೆವ್ವ, ಗಾಳಿ, ಶಕುನ ಎಂದರೆ ನಗುವವಳು ನಾನು. ಗಣಿತ ಕಲಿಸುವವಳು, ಲೆಕ್ಕ ಬಗೆಹರಿಯದಿದ್ದರೆ ತಪ್ಪು ಲೆಕ್ಕದ್ದಲ್ಲ, ನಮ್ಮದು ಎನ್ನುವವಳು. ಈಗಲೂ ಹಾಗೇ ಎನ್ನುತ್ತೇನೆ, ಸ್ವಲ್ಪ ಮೆಲ್ಲಗೆ. ನೀವು ಇದನ್ನು ನಂಬಲೇಬೇಕೆಂದಿಲ್ಲ.

ಕೆಲವು ವರ್ಷಗಳ ಹಿಂದೆ ಮನಗೂಳಿಯ ನಮ್ಮ ಮನೆಯಲ್ಲಿ ಅತ್ತೆ ಜಾರಿಬಿದ್ದು ತಲೆಗೆ ಪೆಟ್ಟಾಯಿತು. ಬಸವನ ಬಾಗೇವಾಡಿಯ ಹೊಸ ಆಸ್ಪತ್ರೆಗೆ ಸೇರಿಸಿದೆವು. ನಿದ್ದೆಯಿಲ್ಲ, ಯಾರ ಗುರುತೂ ಇಲ್ಲ. ನಿದ್ದೆ ಹತ್ತಿದರೆ ಚೇತರಿಸಿಕೊಳ್ಳಬಹುದು ಎಂದಿದ್ದರು ಡಾಕ್ಟರು. ಮದುವೆಯಾಗಿ ಬಂದಾಗಿನಿಂದ ಮಗಳಂತೆ ಬೈದು ಬಾಳಿಸಿದವರು ನನ್ನನ್ನೇ "ನೀ ಯಾರವ್ವಾ?" ಎನ್ನುತ್ತಿದ್ದರು.

ಆಸ್ಪತ್ರೆಯ ಪಶ್ಚಿಮದ ಗೋಡೆ ಪೂರ್ತಿ ಗಾಜು. ಬಿಸಿಲು ಏರಿದಂತೆ ತಾನೇ ಕಪ್ಪಾಗಿ, ಇಳಿದಂತೆ ತಿಳಿಯಾಗುವ ಜಾಣ ಗಾಜು. ಎಸಿಯ ಕರೆಂಟು ಉಳಿಯುತ್ತದೆ, ಒಳಗಿದ್ದವರಿಗೂ ಹಿತ. ಇಂಥ ಗಾಜಿಗೆ ಪರದೆ ಯಾಕೆಂದು ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಆ ವಾರ ಅದನ್ನು ನಡೆಸುವ ಪೆಟ್ಟಿಗೆ ಸುಟ್ಟು, ಬಿಚ್ಚಿ ರಿಪೇರಿಗೆ ಒಯ್ದಿದ್ದರು. ಮಧ್ಯಾಹ್ನದ ಬಿಸಿಲು ನೇರ ಅತ್ತೆಯ ಮುಖಕ್ಕೇ. ಬೇರೆ ಹಾಸಿಗೆ ಖಾಲಿಯಿರಲಿಲ್ಲ; ಕಣ್ಣಿಗೆ ಟವೆಲ್ ಹಾಕಿದರೆ ಕಿತ್ತೆಸೆಯುತ್ತಿದ್ದರು.

ಒಂದು ಮಧ್ಯಾಹ್ನ ಅತ್ತೆ ಗಾಜಿನತ್ತ ತಿರುಗಿ, ಮನೆಯವರಿಗೆ ಹೇಳುವಂತೆ, "ದೀಪ ದೊಡ್ಡದು ಮಾಡಪಾ, ಕಣ್ಣು ಉರಿಯಾಕತ್ತಾವು" ಎಂದರು. ದೀಪ ಆರಿಸು ಎನ್ನುವುದು ನಮ್ಮಲ್ಲಿ ಅಶುಭ. ಆರಿಸಬೇಕಾದಾಗಲೇ ದೊಡ್ಡದು ಮಾಡು ಎನ್ನುತ್ತೇವೆ. ಬೆಂಗಳೂರು ಕಡೆಯ ನರ್ಸ್, ಪಾಪ, ಇದ್ದ ಲೈಟುಗಳನ್ನೆಲ್ಲ ಹಾಕಿದಳು. ನನಗೆ ಸಿಟ್ಟೂ ನಗೆಯೂ ಒಟ್ಟಿಗೇ ಬಂದವು.

ಅಷ್ಟರಲ್ಲಿ ಗಾಜು ಕಪ್ಪಾಗತೊಡಗಿತು. ಇಡೀ ಗೋಡೆಯಲ್ಲ, ಅತ್ತೆಯ ಎದುರಿನ ಗಾಜು ಒಂದೇ. ಅತ್ತೆ ಕಣ್ಣು ಮುಚ್ಚಿದರು. ಹೊತ್ತು ಮುಳುಗುವವರೆಗೆ ಗೊರಕೆ ಹೊಡೆದರು.

ಪೆಟ್ಟಿಗೆ ಜೋಡಿಸಲು ಆಮೇಲೆ ಬಂದ ರಿಪೇರಿಯವನಿಗೆ ಹೇಳಿದೆ. "ಸಾಧ್ಯನ ಇಲ್ರಿ ಅಕ್ಕಾರ. ಪೆಟ್ಟಿಗಿ ನನ್ನ ಹತ್ರ ಇತ್ತು. ಮತ್ತ ಗಾಜಿಗೆ ಕಿವಿ ಎಲ್ಲಿ ಅದಾವ್ರಿ?" ಎಂದ. ಕಿವಿ ಇದ್ದರೂ, ನರ್ಸಿಗೇ ತಿಳಿಯದ ಆ ಮಾತಿನ ಅರ್ಥ ಅದಕ್ಕೆ ಯಾರು ಕಲಿಸಿದರು? ನನಗೆ ಇಂದಿಗೂ ಗೊತ್ತಿಲ್ಲ.

ಗಾಜು ಕಪ್ಪಾದ ಆ ದಿನ ಸಂಜೆ ಎಚ್ಚರವಾದಾಗ ಅತ್ತೆ ನನ್ನ ಹೆಸರು ಹಿಡಿದು ಕರೆದರು. ನಾನು ಅತ್ತೇಬಿಟ್ಟೆ. ಅವರು ನನ್ನ ಅಳುವಿಗೆ ಗಮನ ಕೊಡದೆ ಅತ್ತಿತ್ತ ನೋಡಿದರು.

"ಸುಮಾ, ಅಷ್ಟೊತ್ತು ಬಿಸಲಿಗೆ ಅಡ್ಡ ನಿಂತಿದ್ರಲ್ಲ, ಅವರಿಗೆ ಚಾ ಕೊಟ್ಟೀ ಇಲ್ಲೋ?"

"ಕೊಟ್ಟೇನ್ರಿ" ಎಂದೆ.