ಅಕ್ಕನ ಗಾಳಿಹಾಸಿಗೆ

ಅಕ್ಕ ತೀರಿಕೊಂಡು ಒಂದು ತಿಂಗಳಾಗಿತ್ತು. ಲಕ್ವಾ ಹೊಡೆದ ಮೇಲೆ ಎರಡು ವರ್ಷ ಅವಳು ಮಲಗಿದ್ದ ಆಸ್ಪತ್ರೆ ಮಂಚ, ಗಾಳಿಹಾಸಿಗೆ ಎರಡೂ ಸವಣೂರಿನ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲೇ ಇದ್ದವು. ಓಡಾಡುವಾಗ ಮಂಚ ಮೊಣಕಾಲಿಗೆ ತಾಗುತ್ತಿತ್ತು. ಒಂದು ಸಂಜೆ ಫೋಟೊ ತೆಗೆದು, ಹಳೆ ಸಾಮಾನು ಮಾರುವ ಆ್ಯಪಿನಲ್ಲಿ ಹಾಕಿದೆ. ಅಳು ಬರಲಿಲ್ಲ. ಫೋಟೊದಲ್ಲಿ ಬೆಳಕು ಸಾಕೋ ಇಲ್ಲವೋ ಅಂತಷ್ಟೇ ನೋಡಿದೆ.

ಕೇಳಿದವರೆಲ್ಲ ನನಗಿಂತ ತಿಳಿದವರು. ಮಂಚಕ್ಕೆ ತುಕ್ಕು ಹಿಡಿದಿದೆ ಅಂತ ಹಾನಗಲ್ಲಿನವನೊಬ್ಬ ಬಂದು ನೋಡದೆಯೇ ಹೇಳಿಬಿಟ್ಟ. ತುಕ್ಕಲ್ಲ, ಔಷಧಿ ಚೆಲ್ಲಿದ ಕಲೆ ಅಂದೆ. "ನಮಗ ಹೇಳ್ತೀರೇನ್ರಿ? ಹದಿನೈದು ವರ್ಷ ವೆಲ್ಡಿಂಗ್ ಮಾಡೇನಿ" ಅಂದ. ಹಿರೇಕೆರೂರಿನ ಹೆಣ್ಣುಮಗಳೊಬ್ಬಳು, ಇಂಥ ಹಾಸಿಗೆ ಹಾಕಿದರೆ ರೋಗಿ ಏಳುವುದೇ ಇಲ್ಲ, ನೆಲದ ಮೇಲೆ ಮಲಗಿಸಬೇಕಿತ್ತು ಅಂತ ಉದ್ದನೆಯ ವಾಯ್ಸ್ ಮೆಸೇಜ್ ಕಳಿಸಿದಳು. ಪೂರ್ತಿ ಕೇಳಿದೆ. "ಆತ್ರಿ" ಅಂತ ಉತ್ತರ ಹಾಕಿದೆ. ಮೊದಲಾಗಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ.

ರವಿವಾರ ಹುಲಗೂರಿನಿಂದ ಒಬ್ಬರು ಟಂಟಂ ಗಾಡಿ ಮಾಡಿಕೊಂಡು ಬಂದರು. ಐವತ್ತರ ಆಸುಪಾಸಿನವರು. ಚಪ್ಪಲಿ ಬಿಟ್ಟವರೇ ಮಂಚದ ಹ್ಯಾಂಡಲ್ ತಿರುವಿ ತಲೆಯ ಕಡೆ ಎತ್ತಿದರು, ಇಳಿಸಿದರು. ಹಾಸಿಗೆಯ ಪಂಪು ಚಾಲೂ ಮಾಡಿ ಅಂಗೈಯಿಂದ ಒತ್ತಿ ನೋಡಿದರು.

"ಗಾಳಿ ಎಷ್ಟಕ್ಕ ಇಡ್ತಿದ್ರಿ?"

"ಪೂರಾ ಇಡ್ತಿದ್ದೆರಿ."

"ತಪ್ಪು ಮಾಡಿದ್ರಿ. ಪೂರಾ ಇಟ್ರ ಕಲ್ಲಿನಂಗ ಆಕ್ಕೈತಿ. ಮೈತೂಕ ನೋಡಿ ಇಡಬೇಕು. ಮ್ಯಾಲ ಏನ್ ಹಾಸ್ತಿದ್ರಿ?"

"ಎರಡು ಕೌದಿ."

"ಕೌದಿ ಹಾಕಿದ್ರ ಗಾಳಿಹಾಸಿಗಿ ಇದ್ದೂ ಇಲ್ಲದಂಗರಿ. ತೆಳ್ಳನ ಅರಬಿ ಒಂದ ಸಾಕು. ಬೆನ್ನಾಗ ಹುಣ್ಣು ಆಗಿರಬೇಕಲ್ಲ?"

ಆಗಿದ್ದವು. ದಿನಾ ಬೆಳಿಗ್ಗೆ ನಾನೇ ತೊಳೆಯುತ್ತಿದ್ದೆ. ಮಾತು ನಿಂತುಹೋಗಿದ್ದ ಅಕ್ಕ ನೋವಾದಾಗ ನನ್ನ ಸೆರಗು ಹಿಡಿಯುತ್ತಿದ್ದಳು. ಕೌದಿಗಳು ಅವಳೇ ಹೊಲಿದವು, ಮೈಗೆ ಹಿತವಾಗಿರಲಿ ಅಂತ ಹಾಸಿದ್ದೆ. ಇದನ್ನೆಲ್ಲ ಅವರಿಗೆ ಹೇಳಲಿಲ್ಲ.

"ನೀವು ಹೇಳಿದಂಗ ಮಾಡಿದ್ರ ಹುಣ್ಣು ಆಗ್ತಿದ್ದಿಲ್ಲೇನ್ರಿ?" ಕೇಳಿದೆ. ನನ್ನ ದನಿ ಬೇರೆ ಯಾರದೋ ಅನ್ನಿಸಿತು.

ಅವರು ಪಂಪು ಬಂದ್ ಮಾಡಿದರು.

"ಗೊತ್ತಿಲ್ರಿ ಅಕ್ಕಾರ. ನಮ್ಮ ಮನಿಯಾಕಿ ಮಲಗಿ ಮೂರು ವರ್ಷಾತು. ನಾ ಎಲ್ಲಾ ಸರಿಯಾಗೇ ಮಾಡೇನಿ. ಎರಡು ತಾಸಿಗೊಮ್ಮೆ ಮಗ್ಗಲಾ ಬದಲಿಸ್ತೇನಿ. ಆದ್ರೂ ಆಗ್ಯಾವ. ಇದ್ದ ಹಾಸಿಗಿ ತೂತು ಬಿತ್ತು, ಅದಕ್ಕ ಬಂದೆ."

ಚಾ ಮಾಡಿದೆ. ಅವರು ರೇಟಿನ ಬಗ್ಗೆ ವಾದ ಮಾಡಲಿಲ್ಲ. ಮಂಚ ಬಾಗಿಲಲ್ಲಿ ಅಡ್ಡ ಸಿಕ್ಕಾಗ, ಕಾಲಿನ ಕಡೆ ಮೊದಲು ಹೊರಗೆ ಬರಬೇಕು ಅಂತ ಹೇಳಿಕೊಟ್ಟರು. ಹಾಗೇ ಬಂತು. ಟಂಟಂ ಹೋದ ಮೇಲೆ ಪಡಸಾಲೆಯ ಕಸ ಹೊಡೆದು, ತಣ್ಣಗಾಗಿದ್ದ ರೊಟ್ಟಿ ತಿಂದೆ.

ನಾಲ್ಕು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಹ್ಯಾಂಡಲ್ ಬಿಗಿ ಆಗಿದೆ, ಯಾವ ಎಣ್ಣೆ ಬಿಡುತ್ತಿದ್ದಿರಿ ಅಂತ ಕೇಳಿದರು.

"ಕೊಬ್ಬರಿ ಎಣ್ಣಿರಿ."

"ಅಯ್ಯ, ಕೊಬ್ಬರಿ ಎಣ್ಣಿ ಬಿಡಬಾರದ್ರಿ, ಅದು ಥಂಡಿಗೆ ಗಟ್ಟಿ ಆಕ್ಕೈತಿ..." ಅಂತ ಶುರು ಮಾಡಿದರು.

ಹೊಸ್ತಿಲ ಮೇಲೆ ಕುಳಿತು ಪೂರ್ತಿ ಕೇಳಿದೆ. ಅವತ್ತು ನನ್ನೊಂದಿಗೆ ಬೇರೆ ಯಾರೂ ಮಾತಾಡಿರಲಿಲ್ಲ.