ಮಗ್ಗಿ ನಿಂತ ಶಾಲೆ

"ನನಗೆ ಯಾವುದು ಸರಿ ಅಂತ ಗೊತ್ತಾಯ್ತಿಲ್ಲ ಕಣಕ್ಕ. ಇಷ್ಟ್ ವರ್ಷ ನಾನು ಮಾಡಿದ್ದೇನು, ಕೂಗಿಸಿದ್ದು. ಬೆಳಿಗ್ಗೆ ಒಳಗೆ ಬಂದ ತಕ್ಷಣ ಮಗ್ಗಿ, ಆಮೇಲೆ ಕಾಗುಣಿತ, ಆಮೇಲೆ ಪದ್ಯ. ನಾನೊಂದು ಸಲ, ಮಕ್ಕಳೊಂದು ಸಲ. ಪ್ರಶ್ನೆ ಕೇಳ್ತಿದ್ದೆ, ಉತ್ತರಾನೂ ನಾನೇ ಹೇಳ್ತಿದ್ದೆ, ಅದನ್ನೇ ಅವರ ಕೈಲಿ ಹೇಳಿಸ್ತಿದ್ದೆ. ಗಂಟಲು ಕಟ್ಟಿದ್ರೆ ಶುಂಠಿ ಚೂರು ದವಡೆಗೆ ಇಟ್ಕೊಂಡು ಮತ್ತೆ ಕೂಗ್ಸೋದು. ಈಗ ಹುಣಸೂರಲ್ಲಿ ಟ್ರೈನಿಂಗ್ ಕೊಟ್ಟೋರು ಅಂತಾರೆ, ಪ್ರಶ್ನೆ ಕೇಳಿ ನೀವು ಸುಮ್ಮನಿರಿ ಮೇಡಂ, ಮಗು ಯೋಚ್ನೆ ಮಾಡ್ಲಿ, ಅದು ಒಳ್ಳೆ ಅಭ್ಯಾಸ ಅಂತ. ಸರಿ ಅಂತ ಸುಮ್ಮನಿದ್ದೆ. ನಾನು ಸುಮ್ಮನಿದ್ರೆ ಮಕ್ಕಳೂ ಸುಮ್ಮನೆ. ನಾನು ಅವರ ಮುಖ ನೋಡ್ತೀನಿ, ಅವರು ನನ್ನ ಮುಖ ನೋಡ್ತಾರೆ. ಹೊರಗಡೆ ಹಸ ಮೆಲುಕು ಹಾಕೋದು ಕೇಳ್ತದೆ. ಆ ಹೊತ್ತಲ್ಲಿ ನಾನು ಪಾಠ ಮಾಡ್ತಿದ್ದೀನಾ, ಇಲ್ಲ ಬಸ್ಸಿಗೆ ಕಾಯ್ತಿದ್ದೀನಾ ಅಂತ ನನಗೇ ಅನುಮಾನ ಬತ್ತದೆ."

ಸುಧಾ ಮಿಸ್ಸು ಇದನ್ನು ಹೇಳಿಕೊಂಡದ್ದು ಶಾಲೆಯ ಅಡುಗೆಮನೆಯ ಬಾಗಿಲಲ್ಲಿ ನಿಂತು. ಕೇಳುತ್ತಿದ್ದವಳು ಬಿಸಿಯೂಟದ ಚಿಕ್ಕಸಿದ್ದಮ್ಮ. ಅವಳು ನುಗ್ಗೆಸೊಪ್ಪು ಬಿಡಿಸುತ್ತಾ ತಲೆ ಎತ್ತಲಿಲ್ಲ.

"ಊರೋರು ನೀವು ಮುನಿಸ್ಕೊಂಡಿದ್ದೀರಾ ಅಂತಾವ್ರೆ ಮಿಸ್. ಕೆಲವ್ರು ವರ್ಗ ಆಗೈತೆ ಅಂತಾವ್ರೆ. ಇನ್ ಕೆಲವ್ರು ಗಂಟ್ಲು ಹೋಗೈತೆ ಅಂತಾವ್ರೆ."

"ನೀವೇನಂದ್ರಿ?"

"ನಾನೇನನ್ಲಿ. ನನ್ ತಾವ ಚೆನ್ನಾಗೇ ಮಾತಾಡ್ತೀರಲ್ಲ ಅಂದೆ. ಮಕ್ಳ ತಾವ ಮಾತಾಡ್ಲಿ ಅಂತ ಅಲ್ವಾ ಸಂಬ್ಳ ಕೊಡೋದು ಅಂದ್ರು."

ಗುರುಪುರದಾಚೆಯ ಆ ಊರಿನಲ್ಲಿ ಶಾಲೆಗೆ ಒಂದೇ ಗೋಡೆ ಅಡ್ಡವಾಗಿ ತಂಬಾಕಿನ ಬ್ಯಾರನ್ ಇದೆ. ಹೊಗೆಸೊಪ್ಪು ಬೇಯಿಸುವ ಆ ಎತ್ತರದ ಮನೆಯ ಮುಂದೆ ಚಪ್ಪರ. ಸೊಪ್ಪಿನ ಕಾಲದಲ್ಲಿ ಹೆಂಗಸರೆಲ್ಲ ಆ ಚಪ್ಪರದಡಿ ಕೂತು ಹಸಿ ಎಲೆಯನ್ನು ಕಡ್ಡಿಗೆ ಕಟ್ಟುತ್ತಾರೆ. ಕಟ್ಟುವ ಕೈಗೆ ಶಾಲೆಯ ಮಗ್ಗಿಯೇ ತಾಳ. ಮಗ್ಗಿ ಕೇಳಿಸಿದರೆ ಪಾಠ ನಡೆಯುತ್ತಿದೆ, ಕೇಳಿಸದಿದ್ದರೆ ಇಲ್ಲ. ಶಾಲೆಯನ್ನು ಅಳೆಯಲು ಆ ಊರಿಗೆ ಬೇರೆ ಕೋಲು ಇರಲಿಲ್ಲ.

ಸುಧಾಗೆ ಕೂಗಿಸುವ ಅಭ್ಯಾಸ ಸುಮ್ಮನೆ ಬಂದದ್ದಲ್ಲ. ಅವಳು ಹೆಗ್ಗಡದೇವನಕೋಟೆ ಕಡೆಯ ಎನ್. ಬೇಗೂರಿನವಳು. ಅಲ್ಲಿ ದೂರದ ಹಾಡಿ, ಹೊಲಗಳಿಂದ ಮಕ್ಕಳು ಕಾಡಂಚಿನ ದಾರಿಯಲ್ಲಿ ನಡೆದು ಬರಬೇಕಿತ್ತು. ಮಂಜು ಮುಸುಕಿದ ಬೆಳಿಗ್ಗೆ ಆನೆ ಎಲ್ಲಿದೆ, ದಾರಿ ಎಲ್ಲಿದೆ ತಿಳಿಯುತ್ತಿರಲಿಲ್ಲ. ಅದಕ್ಕೇ ಅಲ್ಲಿನ ಮೇಷ್ಟ್ರು ಮೊದಲು ಬಂದ ಮಕ್ಕಳನ್ನು ಕೂಡಿಸಿಕೊಂಡು, ಕೊನೆಯ ಮಗು ಬರುವ ತನಕ ಮಗ್ಗಿ ಕೂಗಿಸುತ್ತಿದ್ದರು. ಆ ಸದ್ದು ಹಿಡಿದು ನಡೆದು ಬಂದ ಮಕ್ಕಳಲ್ಲಿ ಸುಧಾಳೂ ಒಬ್ಬಳು. ಮಿಸ್ಸಾದ ಮೇಲೆ ಅವಳ ತರಗತಿಯಲ್ಲೂ ಅದೇ ಸದ್ದು ನೆಲೆಯೂರಿಬಿಟ್ಟಿತು. ಇಲ್ಲಿ ಕಾಡಿಲ್ಲ, ಆನೆಯಿಲ್ಲ ಎಂಬುದನ್ನು ಅವಳು ಯೋಚಿಸಿರಲೇ ಇಲ್ಲ.

ಈಗ ಸುಮ್ಮನಾದದ್ದಕ್ಕೆ ಬೆಲೆ ತೆರಬೇಕಾಗಿ ಬಂತು. ನಾಲ್ಕನೇ ಕ್ಲಾಸಿನ ಸೌಂದರ್ಯಳ ಅಜ್ಜಿ ತಿಮ್ಮಮ್ಮ, ಕೈಯ ಸೊಪ್ಪಿನಂಟನ್ನು ಸೆರಗಿಗೆ ಉಜ್ಜಿಕೊಳ್ಳುತ್ತಾ ಶಾಲೆಯ ಜಗಲಿ ಹತ್ತಿದಳು.

"ಮಿಸ್, ನಮ್ ಮಗೀಗೆ ಟೀಸಿ ಕೊಟ್ಬುಡಿ. ಹುಣಸೂರಿನ ಕಾನ್ವೆಂಟ್ ವ್ಯಾನು ಬತ್ತದೆ, ಹತ್ತುಸ್ತೀವಿ."

ಸೌಂದರ್ಯ ಹಿಂದಿನ ಸಾಲಿನ ಹುಡುಗಿ. ಎಲ್ಲರೊಡನೆ ಕೂಗುವಾಗ ಬಾಯಿ ಆಡಿಸುತ್ತಿದ್ದಳು, ಅಷ್ಟೇ. ಮಗ್ಗಿ ನಿಲ್ಲಿಸಿದ ಮೇಲೇ ಸುಧಾಗೆ ತಿಳಿದದ್ದು, ಆ ಬಾಯಿಂದ ಯಾವತ್ತೂ ಸ್ವರ ಬಂದೇ ಇರಲಿಲ್ಲ ಎಂದು. ಈ ಮಗುವನ್ನು ಈಗ ತಾನೇ ಕಂಡಂತಾಗಿತ್ತು. ಅಷ್ಟರಲ್ಲೇ ವ್ಯಾನು ಹತ್ತಿಸುವ ಮಾತು. ದೊಡ್ಡ ಕ್ಲಾಸಿನಲ್ಲಿ ಇನ್ನೂ ಹಿಂದಿನ ಸಾಲಿಗೆ ಹೋಗಿ ಮರೆಯಾಗುತ್ತಾಳೆ ಎಂಬುದು ಸುಧಾಳ ಹೆದರಿಕೆ.

"ಯಾಕಮ್ಮ, ಏನಾಯ್ತು?"

"ಏನೂ ಆಗ್ನಿಲ್ಲ, ಅದ್ಕೇಯಾ. ಬೆಳಗಿಂದ ಸಂಜೆಗಂಟ ಒಂದ್ ಸದ್ದಿಲ್ಲ. ಸಾವಿನ ಮನೇಲಾದ್ರೂ ಯಾರಾದ್ರೂ ಅಳ್ತಾರೆ."

"ಪಾಠ ನಡೀತದೆ ಅಮ್ಮ. ಬೇಕಾದ್ರೆ ಕೂತು ನೋಡಿ."

"ನೋಡೇ ವೋಗ್ತೀನಿ, ಅದ್ಕೇನಂತೆ," ಎಂದು ತಿಮ್ಮಮ್ಮ ಬಾಗಿಲಿಗೆ ಒರಗಿ ಹೊಸ್ತಿಲ ಮೇಲೆ ಕೂತಳು.

ಸುಧಾ ನೆರಳಿನ ಪಾಠ ತೆಗೆದಳು. ಬೆಳಿಗ್ಗೆ ನಮ್ಮ ನೆರಳು ಯಾಕೆ ಉದ್ದ, ಮಧ್ಯಾಹ್ನ ಯಾಕೆ ಗಿಡ್ಡ ಎಂದು ಕೇಳಿ ಬಾಯಿ ಮುಚ್ಚಿಕೊಂಡಳು. ಮಕ್ಕಳು ಅವಳನ್ನೂ ಹೊಸ್ತಿಲನ್ನೂ ನೋಡಿದರು. ಯಾರೋ ಬಳಪ ಕಚ್ಚಿದರು. ತಿಮ್ಮಮ್ಮನಿಗೆ ತಡೆಯಲಾಗಲಿಲ್ಲ.

"ಹೊತ್ತು ನೆತ್ತಿಗ್ ಬಂದ್ರೆ ಗಿಡ್ಡ, ಇನ್ನೇನು."

"ನೀವು ಹೇಳಬ್ಯಾಡಿ ಅಮ್ಮ, ಅವು ಯೋಚ್ನೆ ಮಾಡ್ತಾ ಅವೆ."

ಹೇಳಿ ಮುಗಿಯುವ ಮೊದಲೇ ಇಡೀ ಕ್ಲಾಸು ಒಂದೇ ಸ್ವರದಲ್ಲಿ, "ಹೊತ್ತು ನೆತ್ತಿಗ್ ಬಂದ್ರೆ ಗಿಡ್ಡ, ಇನ್ನೇನು," ಎಂದು ಕೂಗಿತು. ಅಭ್ಯಾಸ. ಚಪ್ಪರದ ಹೆಂಗಸರು ಗೋಡೆಯಾಚೆ, "ಪಾಠ ಸುರುವಾಯ್ತು ಕಣಮ್ಮಿ," ಎಂದದ್ದು ಒಳಗೂ ಕೇಳಿಸಿತು. ತಿಮ್ಮಮ್ಮನ ಮುಖ ಅರಳಿತು. ಸುಧಾಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅವಳು ಸರಿ ಅನ್ನಲಿಲ್ಲ, ತಪ್ಪು ಅನ್ನಲಿಲ್ಲ, ಮತ್ತೆ ಸುಮ್ಮನಾದಳು.

ಆಗ ಹಿಂದಿನ ಸಾಲಿನಿಂದ ಒಂದು ಸಣ್ಣ ದನಿ ಬಂತು.

"ಮಿಸ್, ಚಪ್ರದಲ್ಲಿ ಬಲ್ಬು ನೆತ್ತಿ ಮ್ಯಾಲೇ ಐತೆ. ಅದ್ರಿಂದ ದೂರ ದೂರ ವೋದ್ರೆ ನೆಳ್ಳು ಉದ್ದ ಆಯ್ತದೆ. ಸಂಜೆ ಹೊತ್ತೂ ನಮ್ಮಿಂದ ದೂರ ವೋಯ್ತದಾ?"

ಕ್ಲಾಸೆಲ್ಲ ಹಿಂದಕ್ಕೆ ತಿರುಗಿತು. ತಿಮ್ಮಮ್ಮ ಒರಗಿದ್ದವಳು ನೆಟ್ಟಗಾದಳು. ಸುಧಾ ಉತ್ತರ ಹೇಳಲು ಬಾಯಿ ತೆರೆದಳು. ಸೂರ್ಯ ದೂರ ಹೋಗುವುದಿಲ್ಲ ಎಂಬುದು ಅವಳಿಗೆ ಗೊತ್ತು. ಆದರೆ ಬಲ್ಬಿನ ನೆರಳೂ ಬಿಸಿಲಿನ ನೆರಳೂ ಒಂದೇ ಥರ ಯಾಕೆ ಉದ್ದವಾಗುತ್ತವೆ ಎಂಬುದನ್ನು ಈ ಮಗುವಿಗೆ ಹಿಡಿಸುವಂತೆ ಹೇಗೆ ಹೇಳುವುದೋ ಹೊಳೆಯಲಿಲ್ಲ. ತೆರೆದ ಬಾಯಿ ಹಾಗೇ ನಿಂತಿತು. ಹೊಸ ಅಭ್ಯಾಸಕ್ಕೆ ಸುಮ್ಮನಾದಳೋ, ಗೊತ್ತಿಲ್ಲದೆ ಸುಮ್ಮನಾದಳೋ, ಅವಳಿಗೇ ತಿಳಿಯದಾಯಿತು.

"ಒಳ್ಳೆ ಪ್ರಶ್ನೆ ಕಣೆ ಸೌಂದರ್ಯ. ನಾನೂ ಯೋಚ್ನೆ ಮಾಡ್ತೀನಿ, ನೀನೂ ಮಾಡು."

"ಅಂದ್ರೆ ಮಿಸ್ಸಿಗೂ ಗೊತ್ತಿಲ್ವ?" ತಿಮ್ಮಮ್ಮ ಯಾರನ್ನೂ ಕೇಳದೆ ಕೇಳಿದಳು. ಗೋಡೆಯಾಚೆಯಿಂದ, "ತಿಮ್ಮಕ್ಕೋ, ಬ್ಯಾರನ್ನಿಗೆ ಕಡ್ಡಿ ಏರುಸ್ಬೇಕು ಬಾ," ಎಂದು ಕರೆ ಬಂತು. "ನಾಳೆ ಬತ್ತೀನಿ ಟೀಸಿಗೆ," ಎಂದು ಎದ್ದು ಹೋದಳು.

"ಕೆಡಿಸ್ಕೊಂಡ್ರಿ ಮಿಸ್," ಅಂದಳು ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದ ಚಿಕ್ಕಸಿದ್ದಮ್ಮ. "ಗೊತ್ತಿಲ್ದಿದ್ರೂ ಗೊತ್ತಿರೋರಂಗೆ ಏನಾರ ಒಂದ್ ಅಂದ್ಬುಟ್ಟಿದ್ರೆ ಆಗೋದು."

"ಅದನ್ನೇ ಅಲ್ವಾ ಇಷ್ಟ್ ದಿನ ಮಾಡಿದ್ದು," ಅಂದಳು ಸುಧಾ. ಹಾಗಂದದ್ದು ಸರಿಯೋ ತಪ್ಪೋ ಎಂದು ಆಮೇಲೆ ಬಸ್ಸಿನಲ್ಲಿ ಹುಣಸೂರು ಬರುವ ತನಕ ಯೋಚಿಸಿದಳು.

ಮಾರನೆಯ ಬೆಳಿಗ್ಗೆ ತಿಮ್ಮಮ್ಮ ಗೇಟಿನ ಹತ್ತಿರವೇ ಕಾದಿದ್ದಳು. ನಿದ್ದೆಗೆಟ್ಟು ಕಣ್ಣು ಕೆಂಪಗಾಗಿದ್ದವು.

"ಏನ್ ಹಚ್ಬುಟ್ರಿ ಮಿಸ್ ನಮ್ ಮಗೀಗೆ. ನೆನ್ನೆ ಹೊತ್ ಮುಳುಗ್ತಲೂ ಚಪ್ರದಲ್ಲಿ ಅತ್ತಿಂದಿತ್ತ ಇತ್ತಿಂದತ್ತ. ಅಜ್ಜಿ ನೀನು ನಿಂತ್ಕೊ, ಅಜ್ಜಿ ನೀನು ಬಗ್ಗು, ಅಜ್ಜಿ ಕೈ ಎತ್ತು. ಒಂದ್ ಕಡ್ಡಿ ನೆಟ್ಟಗೆ ಕಟ್ಟಕ್ ಬುಡ್ನಿಲ್ಲ. ಅವ್ರಪ್ಪ ಗದರಿದ್ರೂ ಬಾಯಿ ಮುಚ್ನಿಲ್ಲ. ಹುಟ್ದಾಗ್ಲಿಂದ ಅಷ್ಟ್ ಮಾತಾಡಿದ್ದು ನಾ ಕಾಣೆ."

"ಏನಂತೆ, ಉತ್ತರ ಸಿಕ್ತಂತಾ?"

"ಎಲ್ಲಿ. ಕಾನ್ವೆಂಟಿಗೆ ಕಳುಸ್ತೀವಿ ಕಣಮ್ಮಿ ಅಂದ್ರೆ, ಉತ್ರ ಸಿಗೋಗಂಟ ವೋಗಕಿಲ್ಲ ಅಂತ ಕೂತದೆ. ಇರ್ಲಿ ಬುಡಿ, ಅದು ಸಿಗೋಗಂಟ ಇಲ್ಲೇ ಇರ್ಲಿ." ಹೊರಟವಳು ತಿರುಗಿ ನಿಂತು, "ಆದ್ರೆ ಬೆಳಿಗ್ಗೆ ವಸಿ ಮಗ್ಗಿ ಕೂಗ್ಸಿ ಮಿಸ್. ನಮ್ ಕೈಗೆ ಗತಿ ಸಿಕ್ಕಲ್ಲ," ಅಂದಳು.

ಆವತ್ತು ಸುಧಾ ಮಗ್ಗಿ ಕೂಗಿಸಿದಳು. ಕೂಗು ನಿಂತ ಮೇಲೆ ಪ್ರಶ್ನೆ ಕೇಳಿ ಸುಮ್ಮನಾದಳು. ಸೌಂದರ್ಯ ಮಗ್ಗಿಯಲ್ಲಿ ಬಾಯಿ ಮಾತ್ರ ಆಡಿಸಿದಳು, ಸುಮ್ಮನಿದ್ದಾಗ ಎರಡು ಮಾತು ಆಡಿದಳು. ಒಂದು ತಪ್ಪು, ಇನ್ನೊಂದು ಪಾಠಕ್ಕೆ ಸಂಬಂಧವೇ ಇಲ್ಲದ್ದು.

ಸಂಜೆ ಹುಣಸೂರಿನ ಮನೆಯಲ್ಲಿ ಗಂಡ ವಸಂತ್ ಕೇಳಿದ, "ಏನಾಯ್ತು, ಆ ಹುಡುಗಿ ಹೋದ್ಲಾ?"

"ಇಲ್ಲ, ಉಳಿದ್ಲು."

"ಮತ್ತೆ ಖುಷಿಯಾಗಿರೋದು ಬಿಟ್ಟು ಹಿಂಗ್ಯಾಕೆ ಕೂತಿದ್ದೀಯ?"

"ಯಾತರಿಂದ ಉಳಿದ್ಲು ಅಂತ ಗೊತ್ತಾಗ್ಲಿಲ್ಲ ರೀ. ನಾನು ಸುಮ್ಮನಿದ್ದಿದ್ಕೋ, ಅಜ್ಜಿ ಬಂದು ಕೂತಿದ್ಕೋ, ನನಗೆ ಉತ್ತರ ಬರದೇ ಇದ್ದಿದ್ಕೋ. ನಾಳೆ ಉತ್ತರ ಹೇಳ್ಕೊಟ್ರೆ ವ್ಯಾನು ಹತ್ತಿಸಿಬಿಡ್ತಾರೆ. ಹೇಳ್ಕೊಡದೇ ಇದ್ರೆ ನಾನ್ಯಾತರ ಮಿಸ್ಸು."

"ಆ ಹುಡುಗಿ ಇನ್ನೊಂದು ಪ್ರಶ್ನೆ ಕೇಳ್ತಾಳೆ ಬಿಡು," ಅಂದ ವಸಂತ್. ಒಲೆಯ ಮೇಲೆ ಮುದ್ದೆಯ ಎಸರು ಕುದಿಯುತ್ತಿತ್ತು. ಸುಧಾ ಎದ್ದು ರಾಗಿಹಿಟ್ಟು ಸುರಿದಳು. ಅದು ಬೇಯಲು ಬಿಟ್ಟು ಉರಿ ತಗ್ಗಿಸಿದಳು. ಆಮೇಲೆ ಪಾತ್ರೆಯನ್ನು ಇಕ್ಕಳದಲ್ಲಿ ಒತ್ತಿ ಹಿಡಿದು, ಗಂಟು ಉಳಿಯದಂತೆ ಕೋಲಿನಿಂದ ತೊಳಸತೊಡಗಿದಳು.